ನೂರಕ್ಕೆ ಎಷ್ಟು? ಬೆಂಗಳೂರಿನ ಐವಿಎಫ್ ಕ್ಲಿನಿಕ್‌ಗಳ ಹಿಂದಿರುವ ಸಂಶೋಧನೆಯ ಕಥೆ

ಮಕ್ಕಳಾಗದ ದಂಪತಿಗೆ ಬೆಂಗಳೂರಿನಲ್ಲಿ ಈಗ ಕ್ಲಿನಿಕ್‌ಗಳಿಗೇನೂ ಬರ ಇಲ್ಲ. ಜಯನಗರ, ಮಲ್ಲೇಶ್ವರ, ಕಲ್ಯಾಣನಗರ, ವೈಟ್‌ಫೀಲ್ಡ್, ಎಲ್ಲಿ ಹೋದರೂ ಒಂದು ಐವಿಎಫ್ ಸೆಂಟರ್ ಸಿಗುತ್ತದೆ. ಐವಿಎಫ್ ಅಂದರೆ ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ. ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರ ಪ್ರತಿಷ್ಠೆ ಮಾಡಿಸಿ ಬಂದವರೇ ಮರುದಿನ ಬೆಳಿಗ್ಗೆ, ಅಂಡಾಣು ಬೆಳೆಯುವ ಚೀಲಗಳನ್ನು ನೋಡುವ ಫಾಲಿಕಲ್ ಸ್ಕ್ಯಾನ್‌ಗೆ ಟೋಕನ್ ಹಿಡಿದು ಕೂತಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಗೊಂದಲ ಶುರುವಾಗುವುದು ಕೌನ್ಸೆಲಿಂಗ್ ಕೋಣೆಯಲ್ಲಿ. ಐಯುಐ, ಐವಿಎಫ್, ಇಕ್ಸಿ, ಬ್ಲಾಸ್ಟೋಸಿಸ್ಟ್, ಪಿಜಿಟಿ, ಫ್ರೋಜನ್ ಟ್ರಾನ್ಸ್‌ಫರ್, ಸ್ಕ್ರ್ಯಾಚಿಂಗ್. ಪ್ಯಾಕೇಜ್ ಚೀಟಿಯ ಒಂದೊಂದು ಸಾಲಿಗೂ ಒಂದೊಂದು ರೇಟು. ಇದರಲ್ಲಿ ಯಾವುದಕ್ಕೆ ಗಟ್ಟಿ ಪುರಾವೆ ಇದೆ, ಯಾವುದು ದಾರಿಯಲ್ಲಿ ಸೇರಿಕೊಂಡಿತು? ಇದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಮಾಷೆಯೆಂದರೆ, ಈ ಊರಿನಲ್ಲಿ ಸರ್ಕಾರ ಮೊದಲು ತಲೆ ಕೆಡಿಸಿಕೊಂಡದ್ದು ಮಕ್ಕಳಾಗದಂತೆ ತಡೆಯುವುದು ಹೇಗೆ ಅಂತ. 1930ರಲ್ಲೇ ಮೈಸೂರು ಸಂಸ್ಥಾನ ಮೈಸೂರು ಮತ್ತು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಕೊಟ್ಟಿತು. ಜಗತ್ತಿನಲ್ಲಿ ಒಂದು ಸರ್ಕಾರವೇ ಮುಂದೆ ನಿಂತು ತೆರೆದ ಮೊದಲ ಕ್ಲಿನಿಕ್‌ಗಳಲ್ಲಿ ಇವೂ ಸೇರುತ್ತವೆ. 1950ರ ದಶಕದ ಶುರುವಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗವೊಂದು ರಾಮನಗರಕ್ಕೆ ಬಂತು. ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟು, ಯಾವ ದಿನ ಗರ್ಭ ನಿಲ್ಲಬಹುದು, ಯಾವ ದಿನ ಇಲ್ಲ ಎಂದು ಲೆಕ್ಕ ಇಡಲು ಕಲಿಸಿದರು. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಅವರ ತಂಡ ವರ್ಷಗಟ್ಟಲೆ, ಅಂಡಾಣು ವೀರ್ಯಾಣು ಬೆಳೆಯಲು ಬೇಕಾದ ಎಫ್‌ಎಸ್‌ಹೆಚ್ ಹಾರ್ಮೋನಿನ ಮೇಲೆ ಕೆಲಸ ಮಾಡಿತು. ನಂದಿಬೆಟ್ಟದಲ್ಲಿ ನಮ್ಮ ಕೈಯಿಂದ ಚಿಪ್ಸ್ ಕಿತ್ತುಕೊಳ್ಳುತ್ತವಲ್ಲ, ಅದೇ ಜಾತಿಯ ಕೋತಿಗಳ ಮೇಲೆ ಪ್ರಯೋಗ ನಡೆಯಿತು. ಗುರಿ, ಗಂಡಸರಿಗೆ ಗರ್ಭನಿರೋಧಕ ಲಸಿಕೆ.

ಅದೇ ಎಫ್‌ಎಸ್‌ಹೆಚ್ ಇವತ್ತು ಐವಿಎಫ್‌ನಲ್ಲಿ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್. ಹಾರ್ಮೋನ್ ಒಂದೇ, ಗುರಿ ಉಲ್ಟಾ. ಆ ಕಾಲದ ದುಡ್ಡೆಲ್ಲ ಜನಸಂಖ್ಯೆ ತಡೆಯುವ ಕಡೆಗೆ ಹರಿಯಿತು. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಕೂಡ 1971ರಲ್ಲಿ, ಐವಿಎಫ್ ಸಂಶೋಧನೆಗೆ ಕೈಹಾಕಿದ್ದ ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ ಅವರಿಗೆ ಅನುದಾನ ಕೊಡಲಿಲ್ಲ. ಬಂಜೆತನ ಅಷ್ಟು ದೊಡ್ಡ ಸಮಸ್ಯೆ ಎಂದು ಕೌನ್ಸಿಲ್‌ಗೆ ಅನ್ನಿಸಿರಲಿಲ್ಲ.

ಮುಂದಿನದು ಬಹಳ ಜನಕ್ಕೆ ಗೊತ್ತು. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ಅಕ್ಟೋಬರ್‌ನಲ್ಲಿ ಕೋಲ್ಕತ್ತಾದ ವೈದ್ಯ ಸುಭಾಷ್ ಮುಖರ್ಜಿ ತಾವೂ ಸಾಧಿಸಿದ್ದೇವೆ ಎಂದರು. ಸರ್ಕಾರಿ ಸಮಿತಿ ನಂಬಲಿಲ್ಲ. ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟ್‌ನಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಹುಟ್ಟಿದ ಮಗು ದೇಶದ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಎಂದು ದಾಖಲಾಯಿತು. ಅದರ ಹಿಂದೆ ಇದ್ದವರು ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್.

ಈ ಆನಂದ್ ಕುಮಾರ್ ನಿವೃತ್ತಿಯ ನಂತರ ಬೆಂಗಳೂರಿಗೆ ಬಂದು ಬಂಜೆತನದ ಕ್ಲಿನಿಕ್ ಕಟ್ಟಿದರು. 1997ರಲ್ಲಿ ಅವರಿಗೆ ಮುಖರ್ಜಿಯವರ ಹಳೆಯ ಟಿಪ್ಪಣಿಗಳು ಸಿಕ್ಕವು. ಓದಿದ ಮೇಲೆ ಅವರು ಒಂದು ಲೇಖನ ಬರೆದರು: ಮೊದಲಿಗ ನಾನಲ್ಲ, ಮುಖರ್ಜಿ. ಅದು ಅಚ್ಚಾದದ್ದು ನಮ್ಮ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ತನ್ನ ಹೆಸರಿಗಿದ್ದ ಪಟ್ಟವನ್ನು ತಾನೇ ಬಿಟ್ಟುಕೊಟ್ಟ ವಿಜ್ಞಾನಿಗಳು ಎಷ್ಟು ಜನ ಸಿಗುತ್ತಾರೆ?

ಮುಂದಿನ ದೊಡ್ಡ ಹೆಜ್ಜೆ ಇಕ್ಸಿ. 1992ರಲ್ಲಿ ಬ್ರಸೆಲ್ಸ್‌ನ ತಂಡ ಒಂದೇ ಒಂದು ವೀರ್ಯಾಣುವನ್ನು ಸೂಜಿಯಲ್ಲಿ ನೇರವಾಗಿ ಅಂಡಾಣುವಿನೊಳಗೆ ಬಿಟ್ಟು ಗರ್ಭ ನಿಲ್ಲುವಂತೆ ಮಾಡಿತು. ಗಂಡಸರ ಸಮಸ್ಯೆಗೆ ಇದು ನಿಜವಾದ ವರ. ಈಗ ವೀರ್ಯ ಸರಿಯಾಗಿರುವ ಜೋಡಿಗೂ ಇಕ್ಸಿ ಮಾಡುವುದು ಅಭ್ಯಾಸವಾಗಿಬಿಟ್ಟಿದೆ. ವಿಯೆಟ್ನಾಂನ ಹೋ ಚಿ ಮಿನ್ ನಗರದಲ್ಲಿ ಅಂಥ 1,064 ಜೋಡಿಗಳ ಮೇಲೆ ಪ್ರಯೋಗ ನಡೆಯಿತು. ಫಲಿತಾಂಶ 2021ರಲ್ಲಿ ಬಂತು. ಇಕ್ಸಿಯಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಇಲ್ಲಿಂದಲೇ ಕಥೆ ಸಿಕ್ಕಾಗುವುದು. 2000ದ ನಂತರ ಐವಿಎಫ್ ಜೊತೆಗೆ 'ಆಡ್-ಆನ್'ಗಳು ಬರತೊಡಗಿದವು. ಮೂಲ ಚಿಕಿತ್ಸೆಗೆ ಮೇಲಿನಿಂದ ಸೇರಿಸುವ ಸಣ್ಣಪುಟ್ಟ ವಿಧಾನಗಳು. ಪ್ರತಿಯೊಂದರ ಹಿಂದೆಯೂ ಒಂದು ಒಳ್ಳೆಯ ಊಹೆ ಇದೆ. ಊಹೆಗೂ ಪುರಾವೆಗೂ ನಡುವೆ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಆ ನಡುವೆ ರೇಟ್ ಕಾರ್ಡ್ ಅಚ್ಚಾಗಿರುತ್ತದೆ.

ಸ್ಕ್ರ್ಯಾಚಿಂಗ್ ನೋಡಿ. ಭ್ರೂಣ ಹಾಕುವ ಮೊದಲು ಗರ್ಭಕೋಶದ ಒಳಪದರವನ್ನು ತೆಳುವಾದ ನಳಿಕೆಯಿಂದ ಸ್ವಲ್ಪ ಗೀರುತ್ತಾರೆ. ಗಾಯ ಮಾಯುವಾಗ ಭ್ರೂಣ ಚೆನ್ನಾಗಿ ಅಂಟಿಕೊಳ್ಳುತ್ತದೆ ಎಂಬ ನಂಬಿಕೆ. 2003ರಲ್ಲಿ ಇಸ್ರೇಲಿನ ಒಂದು ಸಣ್ಣ ಅಧ್ಯಯನ ಇದನ್ನು ಹೇಳಿತು. ಗೀರಿಸಿಕೊಂಡ 45 ಹೆಂಗಸರು, ಗೀರಿಸಿಕೊಳ್ಳದ 89 ಹೆಂಗಸರು. ಮೊದಲ ಗುಂಪಿನಲ್ಲಿ ಮಗು ಆದದ್ದು ಎರಡು ಪಟ್ಟು. ಸುದ್ದಿ ಜಗತ್ತೆಲ್ಲ ಹರಡಿತು. ಬೆಂಗಳೂರಿಗೂ ಬಂತು. ಖರ್ಚು ಕಮ್ಮಿ, ಹತ್ತು ನಿಮಿಷದ ಕೆಲಸ, ನೋವಾದರೂ ತಡೆದುಕೊಳ್ಳುವಷ್ಟು. ಎರಡು ಸಲ ಫೇಲಾದವರಿಗೆ 'ಈ ಸಲ ಇದೊಂದು ಮಾಡಿ ನೋಡೋಣ' ಎಂದರೆ ಯಾರು ಬೇಡ ಅಂತಾರೆ? ಕೊನೆಗೆ ನ್ಯೂಜಿಲೆಂಡಿನ ಸಂಶೋಧಕರು ಐದು ದೇಶಗಳ 1,364 ಹೆಂಗಸರನ್ನು ಸೇರಿಸಿಕೊಂಡು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 2019ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನಲ್ಲಿ ಮಗು ಆದದ್ದು ಶೇ. 26.1. ದಶಮಾಂಶದವರೆಗೂ ಸಮ. ಹದಿನಾರು ವರ್ಷ ಹೆಂಗಸರು ಸುಮ್ನೆ ನೋವು ತಿಂದರು ಅಂತಲೇ ಅರ್ಥ ಅಲ್ವಾ?

ಭ್ರೂಣದ ಕ್ರೋಮೋಸೋಮ್ ಪರೀಕ್ಷೆಯದು ಇನ್ನೂ ದುಬಾರಿ ಕಥೆ. ವಯಸ್ಸಾದಂತೆ ಅಂಡಾಣುವಿನಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪುವುದು ಜಾಸ್ತಿ. ಹಾಗಾದರೆ ಲೆಕ್ಕ ಸರಿಯಿರುವ ಭ್ರೂಣವನ್ನೇ ಆರಿಸಿ ಹಾಕಿದರೆ ಆಯಿತಲ್ಲ? ತರ್ಕ ಎಷ್ಟು ನೇರವಾಗಿದೆ ಎಂದರೆ, ಪ್ರಯೋಗ ಬೇಕೇ ಇಲ್ಲ ಅನ್ನಿಸುತ್ತದೆ. ನೆದರ್‌ಲ್ಯಾಂಡ್ಸ್‌ನವರು ಆದರೂ ಪ್ರಯೋಗ ಮಾಡಿದರು. 35ರಿಂದ 41 ವರ್ಷದ 408 ಹೆಂಗಸರು. 2007ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಪರೀಕ್ಷೆ ಮಾಡಿಸಿದವರಲ್ಲಿ ಮಗು ಆದದ್ದು ಶೇ. 24, ಮಾಡಿಸದವರಲ್ಲಿ ಶೇ. 35. ಮೂರನೇ ದಿನದ ಭ್ರೂಣದಿಂದ ಜೀವಕೋಶ ಕಿತ್ತದ್ದೇ ಅದಕ್ಕೆ ಪೆಟ್ಟಾಯಿತು ಎಂದರು ಕೆಲವರು.

ವಿಧಾನ ಬದಲಾಯಿತು. ಐದನೇ ದಿನದವರೆಗೆ ಕಾದು, ಮುಂದೆ ಮಾಸು ಆಗುವ ಹೊರಪದರದಿಂದ ಕೆಲವು ಜೀವಕೋಶ ತೆಗೆಯುವ ಹೊಸ ಪರೀಕ್ಷೆ ಬಂತು. ಹೆಸರೂ ಬದಲಾಯಿತು, ಪಿಜಿಟಿ-ಎ ಅಂತ. 2019ರ ದೊಡ್ಡ ಪ್ರಯೋಗದಲ್ಲಿ ಪರೀಕ್ಷೆ ಆದವರಲ್ಲಿ ಗರ್ಭ ಮುಂದುವರಿದದ್ದು ಶೇ. 50, ಆಗದವರಲ್ಲಿ ಶೇ. 46. ಲೆಕ್ಕಶಾಸ್ತ್ರದ ಪ್ರಕಾರ ಅದು ವ್ಯತ್ಯಾಸವೇ ಅಲ್ಲ. 2021ರಲ್ಲಿ ಚೀನಾದ 1,212 ಹೆಂಗಸರ ಪ್ರಯೋಗ ಬಂತು. ಇವರೆಲ್ಲ 37ರೊಳಗಿನವರು, ಒಳ್ಳೆಯ ಭ್ರೂಣ ಮೂರಾದರೂ ಇದ್ದವರು. ಪರೀಕ್ಷೆ ಮಾಡಿಸಿದವರಲ್ಲಿ ಶೇ. 77.2 ಮಂದಿಗೆ ಮಗು ಆಯಿತು, ಮಾಡಿಸದವರಲ್ಲಿ ಶೇ. 81.8. ಗರ್ಭಪಾತ ಮಾತ್ರ ಪರೀಕ್ಷೆಯ ಗುಂಪಿನಲ್ಲಿ ಕಮ್ಮಿ ಇತ್ತು, ಶೇ. 12.6ರ ಬದಲು 8.7. ಮತ್ತೆ ಮತ್ತೆ ಗರ್ಭ ಹೋದವರಿಗೆ ಈ ಕೊನೆಯ ಅಂಕಿ ಸಣ್ಣದಲ್ಲ. ತಲಸ್ಸೇಮಿಯಾದಂಥ ಕಾಯಿಲೆ ಮನೆತನದಲ್ಲಿ ಇದ್ದರೆ ಮಾಡುವ ಪರೀಕ್ಷೆ ಬೇರೆಯೇ, ಅದಕ್ಕೆ ಈ ತಕರಾರು ಅನ್ವಯಿಸುವುದಿಲ್ಲ. ಆದರೆ ಮೂವತ್ತರ ಹುಡುಗಿಗೆ ಮೊದಲ ಸೈಕಲ್‌ನಲ್ಲೇ, ಅಂದರೆ ಚಿಕಿತ್ಸೆಯ ಮೊದಲ ಸುತ್ತಿನಲ್ಲೇ, ಪಿಜಿಟಿ-ಎ ಯಾಕೆ? ಪರೀಕ್ಷೆಯಿಂದ ಭ್ರೂಣ ಸುಧಾರಿಸುವುದಿಲ್ಲ. ಇದ್ದ ಭ್ರೂಣಗಳಲ್ಲಿ ಕೆಲವನ್ನು ಪಕ್ಕಕ್ಕೆ ಇಡುತ್ತದೆ, ಅಷ್ಟೇ. (ಭ್ರೂಣ ಹೆಣ್ಣೋ ಗಂಡೋ ಎಂಬುದನ್ನು ನಮ್ಮಲ್ಲಿ ರಿಪೋರ್ಟಿನಲ್ಲಿ ಹೇಳುವಂತಿಲ್ಲ. ಲಿಂಗ ಪತ್ತೆ ತಡೆ ಕಾಯ್ದೆ ಇಲ್ಲಿಗೂ ಬರುತ್ತದೆ.)

ಇನ್ನೊಂದು ಕಡೆ, ನಿಜವಾಗಿ ಕೆಲಸ ಮಾಡುವ ಅಗ್ಗದ ಮಾತ್ರೆಯೊಂದು ನಮ್ಮಲ್ಲಿ ತಡೆಗೆ ಸಿಕ್ಕಿತ್ತು. ಅದು ಲೆಟ್ರೋಜೋಲ್. ಮೂಲತಃ ಸ್ತನ ಕ್ಯಾನ್ಸರಿನ ಔಷಧ. ಅಂಡೋತ್ಪತ್ತಿಗೂ ಇದು ಸಹಾಯ ಮಾಡುತ್ತದೆ ಎಂದು 2001ರಲ್ಲಿ ಕೆನಡಾದ ವೈದ್ಯರು ತೋರಿಸಿದರು. ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ, ಇರುವವರಿಗೆ ಇದು ದೊಡ್ಡ ಸುದ್ದಿ. 2005ರಲ್ಲಿ ಒಂದು ಸಮ್ಮೇಳನದಲ್ಲಿ, ಈ ಮಾತ್ರೆಯಿಂದ ಹುಟ್ಟಿದ ಸುಮಾರು 150 ಮಕ್ಕಳಲ್ಲಿ ಹೃದಯ, ಮೂಳೆಯ ದೋಷ ಜಾಸ್ತಿ ಕಂಡಿದೆ ಎಂಬ ವರದಿ ಬಂತು. ಅದು ಪೂರ್ತಿ ಪ್ರಬಂಧವೂ ಆಗಿರಲಿಲ್ಲ, ಸಾರಾಂಶ ಮಾತ್ರ. ಮರುವರ್ಷವೇ 911 ಮಕ್ಕಳನ್ನು ನೋಡಿದ ಅಧ್ಯಯನ ಬಂತು. ಲೆಟ್ರೋಜೋಲ್ ಮಕ್ಕಳಲ್ಲಿ ದೋಷ ಶೇ. 2.4, ಹಳೆಯ ಕ್ಲೋಮಿಫೀನ್ ಮಾತ್ರೆಯ ಮಕ್ಕಳಲ್ಲಿ ಶೇ. 4.8. ಭಯಕ್ಕೆ ಆಧಾರ ಸಿಗಲಿಲ್ಲ. ಆದರೂ 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬಂಜೆತನಕ್ಕೆ ಇದನ್ನು ಕೊಡಬಾರದು ಎಂದಿತು. 2014ರಲ್ಲಿ ಅಮೆರಿಕದ 750 ಹೆಂಗಸರ ಪ್ರಯೋಗ ಮುಗಿಯಿತು. ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ಶೇ. 27.5 ಮಂದಿಗೆ ಮಗು, ಕ್ಲೋಮಿಫೀನ್‌ನಲ್ಲಿ ಶೇ. 19.1. ಕೆಲವು ವರ್ಷ ಕಳೆದು ಇಲ್ಲಿನ ತಡೆಯೂ ಹೋಯಿತು. ಪಿಸಿಓಎಸ್‌ನಿಂದ ಅಂಡೋತ್ಪತ್ತಿ ಆಗದವರಿಗೆ ಇವತ್ತು ಮೊದಲು ಬರೆಯುವ ಮಾತ್ರೆ ಇದೇ. ಇದರಲ್ಲಿ ಯಾರೂ ಖಳರಲ್ಲ. ಔಷಧದ ವಿಷಯದಲ್ಲಿ ಹೆದರಿಕೆ ಒಳ್ಳೆಯದೇ. ಒಂದು ಮಾತು ಮಾತ್ರ ಗಮನಿಸಬೇಕು. ಮಾತ್ರೆಯನ್ನು ತಡೆಯಲು ಕಾನೂನು ಇದೆ. ಗೀರುವ ನಳಿಕೆಯನ್ನು, ಭ್ರೂಣ ಬೆಳೆಸುವ ಕ್ಯಾಮೆರಾ ಇರುವ ಇನ್‌ಕ್ಯುಬೇಟರನ್ನು ಅದೇ ಬಿಗಿಯಿಂದ ಕೇಳುವವರಿಲ್ಲ.

ಇನ್ನು ಎಲ್ಲರ ಕಣ್ಣಿಗೆ ಬೀಳುವ ಶೇಕಡಾ ಲೆಕ್ಕ. ಮೆಟ್ರೋ ಕಂಬದ ಮೇಲೂ, ಅಪಾರ್ಟ್‌ಮೆಂಟ್ ಲಿಫ್ಟಿನೊಳಗೂ ಸಕ್ಸಸ್ ರೇಟ್. ಪ್ರಶ್ನೆ ಏನೆಂದರೆ, ಯಾವ ನೂರಕ್ಕೆ? ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ನೂರು ಜನ ಇಂಜೆಕ್ಷನ್ ಶುರು ಮಾಡಿದರು. ಭ್ರೂಣ ಹಾಕುವ ಹಂತಕ್ಕೆ ಬಂದವರು 80. ಗರ್ಭ ನಿಂತಿದೆಯೇ ಎಂದು ಹೇಳುವ ಬೀಟಾ ಹೆಚ್‌ಸಿಜಿ ರಕ್ತಪರೀಕ್ಷೆ ಪಾಸಿಟಿವ್ ಬಂದದ್ದು 40. ಸ್ಕ್ಯಾನಿನಲ್ಲಿ ಹೃದಯದ ಬಡಿತ ಕಂಡದ್ದು 32. ಮಗು ಮನೆಗೆ ಬಂದದ್ದು 26. ಈ ಕ್ಲಿನಿಕ್‌ನ ಸಕ್ಸಸ್ ಶೇ. 50 ಎನ್ನಬಹುದು (80ರಲ್ಲಿ 40), 40 ಎನ್ನಬಹುದು (80ರಲ್ಲಿ 32), 26 ಎಂದೂ ಹೇಳಬಹುದು (ನೂರರಲ್ಲಿ 26). ಯಾವುದೂ ಸುಳ್ಳಲ್ಲ. ಜಾಹೀರಾತಿಗೆ ಯಾವುದು ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ವಯಸ್ಸು ಸೇರಿಸಿ. ಸ್ವಂತ ಅಂಡಾಣುವೋ ದಾನಿಯದೋ ಸೇರಿಸಿ. ಕಷ್ಟದ ಕೇಸುಗಳನ್ನು ತೆಗೆದುಕೊಳ್ಳದ ಕ್ಲಿನಿಕ್‌ನ ಅಂಕಿ ತಾನಾಗಿಯೇ ಮೇಲೇರುತ್ತದೆ.

ಅಮೆರಿಕದಲ್ಲಿ 1992ರ ಕಾಯ್ದೆಯಿಂದಾಗಿ ಕ್ಲಿನಿಕ್‌ವಾರು ಅಂಕಿ ಪ್ರಕಟವಾಗುತ್ತದೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಎಚ್‌ಎಫ್‌ಇಎ ಅದರ ಜೊತೆಗೆ ಆಡ್-ಆನ್‌ಗಳಿಗೆ ಬಣ್ಣದ ಗುರುತು ಹಾಕಿ, ಯಾವುದಕ್ಕೆ ಎಷ್ಟು ಪುರಾವೆ ಎಂದು ತೋರಿಸುತ್ತದೆ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2005ರಲ್ಲಿ ಮಾರ್ಗಸೂಚಿ ತಂದಿತು. ಅದಕ್ಕೆ ಕಾನೂನಿನ ಬಲ ಇರಲಿಲ್ಲ. ಮಸೂದೆಯ ಕರಡು ಮೇಲೆ ಕರಡು ಬಂತು. ಆ ವರ್ಷಗಳ ಗಲಾಟೆಯೆಲ್ಲ ಬಾಡಿಗೆ ತಾಯ್ತನದ ಸುತ್ತಲೇ ನಡೆಯಿತು. ಲ್ಯಾಬಿನ ಗುಣಮಟ್ಟದ ಮಾತು ಹಿಂದೆ ಬಿತ್ತು. ಕೊನೆಗೆ 2021ರಲ್ಲಿ ಎರಡು ಕಾಯ್ದೆ, ಐವಿಎಫ್‌ನಂಥ ಚಿಕಿತ್ಸೆಗೊಂದು, ಬಾಡಿಗೆ ತಾಯ್ತನಕ್ಕೊಂದು, ಬಂದು, 2022ರ ಜನವರಿಯಿಂದ ಜಾರಿಯಾದವು.

ಈಗ ಕ್ಲಿನಿಕ್ ನೋಂದಣಿ ಕಡ್ಡಾಯ. ಚಿಕಿತ್ಸೆಗೆ ಹೆಂಗಸಿನ ವಯಸ್ಸು 21ರಿಂದ 50, ಗಂಡಸಿನದು 21ರಿಂದ 55. ಅಂಡಾಣು ದಾನಿ ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ದಾನಿಯ ದೇಹಕ್ಕೆ ಇದು ರಕ್ಷಣೆ. ಆದರೆ ಫಾಲಿಕಲ್‌ಗಳು ಕಾಯ್ದೆ ಓದಿ ಬೆಳೆಯುವುದಿಲ್ಲವಲ್ಲ, ಹಾಗಾಗಿ ವೈದ್ಯರ ತಕರಾರಿನಲ್ಲೂ ಹುರುಳಿದೆ. ಎಲ್ಲ ಕ್ಲಿನಿಕ್‌ಗಳು ರಾಷ್ಟ್ರೀಯ ರಿಜಿಸ್ಟ್ರಿಗೆ ಮಾಹಿತಿ ಕೊಡಬೇಕು. ಹಾಗೆ ಹೋದ ಮಾಹಿತಿ ಕ್ಲಿನಿಕ್‌ವಾರು ಫಲಿತಾಂಶವಾಗಿ ಜನರ ಕೈಗೆ ಬರುವ ವ್ಯವಸ್ಥೆ ಇನ್ನೂ ಆಗಿಲ್ಲ. ಖರ್ಚಿನ ಕಡೆ ನೋಡಿದರೆ, ಆಯುಷ್ಮಾನ್ ಭಾರತ್ ಸಾಮಾನ್ಯವಾಗಿ ಬಂಜೆತನ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಹೆಚ್ಚಿನ ಖಾಸಗಿ ವಿಮೆಯೂ ಅಷ್ಟೇ. ಸಾಲ ಮಾಡಿ, ಒಡವೆ ಇಟ್ಟು ಬರುವವರೇ ಜಾಸ್ತಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಫಲವಂತಿಕೆ ದರ (ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ) 1.7ಕ್ಕೆ ಇಳಿದಿತ್ತು. ಜನಸಂಖ್ಯೆ ಜಾಸ್ತಿ ಎಂದು ಸರ್ಕಾರ ತಲೆ ಕೆಡಿಸಿಕೊಳ್ಳುವ ಕಾಲ ಇಲ್ಲಂತೂ ಮುಗಿದಿದೆ. ಹಾಗಾದರೆ ಬಂಜೆತನದ ಪ್ರಯೋಗ ಇಲ್ಲೂ ನಡೆಯಬಹುದಲ್ಲ? ಹೋ ಚಿ ಮಿನ್ ನಗರದ ಆ ಇಕ್ಸಿ ಪ್ರಯೋಗ ನಡೆದದ್ದು ಖಾಸಗಿ ಆಸ್ಪತ್ರೆಯಲ್ಲಿ. ಅದೇ ಊರಿನವರು 2018ರಲ್ಲಿ ಫ್ರೀಜ್ ಮಾಡಿದ ಭ್ರೂಣ ಮತ್ತು ತಾಜಾ ಭ್ರೂಣದ ನಡುವೆ, ಪಿಸಿಓಎಸ್ ಇಲ್ಲದವರಲ್ಲಿ, ದೊಡ್ಡ ವ್ಯತ್ಯಾಸ ಇಲ್ಲ ಎಂದೂ ತೋರಿಸಿದ್ದರು. ಅಂಥ ಪ್ರಯೋಗಕ್ಕೆ ಬೇಕಾದ ರೋಗಿಗಳು, ಲ್ಯಾಬು, ವೈದ್ಯರು, ಲೆಕ್ಕ ಬಲ್ಲ ವಿಜ್ಞಾನಿಗಳು, ಎಲ್ಲ ಬೆಂಗಳೂರಿನ ಹತ್ತು ಕಿಲೋಮೀಟರ್ ಒಳಗೆ ಸಿಗುತ್ತಾರೆ. ಇವರನ್ನು ಒಂದೇ ಟೇಬಲ್ಲಿಗೆ ತರುವ ದುಡ್ಡು ಎಲ್ಲಿಂದ ಬರಬೇಕು ಎಂಬುದೇ ಉಳಿದ ಪ್ರಶ್ನೆ.

ಅಲ್ಲಿಯವರೆಗೆ ದಂಪತಿಯ ಕೈಯಲ್ಲಿ ಇರುವುದು 2021ರ ಕಾಯ್ದೆಯ ಒಂದು ಸೆಕ್ಷನ್. ಅದರ ಪ್ರಕಾರ ಆ ಕ್ಲಿನಿಕ್‌ನಲ್ಲಿ ಯಶಸ್ಸಿನ ಸಾಧ್ಯತೆ ಎಷ್ಟು, ಚಿಕಿತ್ಸೆಯ ಲಾಭ ನಷ್ಟ ಏನು, ಖರ್ಚು ಎಷ್ಟು ಎಂದು ಕ್ಲಿನಿಕ್ ಮೊದಲೇ ತಿಳಿಸಬೇಕು. 'ನನ್ನ ವಯಸ್ಸಿನವರಲ್ಲಿ, ಸ್ವಂತ ಅಂಡಾಣುವಿನಿಂದ, ಸೈಕಲ್ ಶುರು ಮಾಡಿದ ನೂರರಲ್ಲಿ ಎಷ್ಟು ಜನ ಮಗು ಎತ್ತಿಕೊಂಡು ಮನೆಗೆ ಹೋದರು?' ಇಷ್ಟನ್ನು ಕೇಳಿ, ಉತ್ತರವನ್ನು ಬರೆದು ಕೊಡಿ ಎನ್ನಬಹುದು.