ಎಬಿಎಸ್‌ಗೆ ಎಂಟು ವಾಲ್ವ್, ಇಎಸ್‌ಸಿಗೆ ಹನ್ನೆರಡು ಯಾಕೆ?

ಎಬಿಎಸ್ ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ; ಇಎಸ್‌ಸಿ ಅಂದರೆ ಗಾಡಿ ಜಾರಿ ದಾರಿ ತಪ್ಪದಂತೆ ಹಿಡಿಯುವ ವ್ಯವಸ್ಥೆ. ಎಬಿಎಸ್ ಇದ್ದರೆ ಬ್ರೇಕ್ ಬಿಗಿಯಾಗಿ ಹಿಡಿಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಮಾಡುವುದು ಉಲ್ಟಾ ಕೆಲಸ. ಚಕ್ರ ಲಾಕ್ ಆಗುವ ಹೊತ್ತಿಗೆ ಒತ್ತಡ ಸಡಿಲಿಸುತ್ತದೆ. ಇದು ತಲೆಗೆ ಹೋದರೆ ಉಳಿದದ್ದು ಸುಲಭ.

ಬಾನೆಟ್ ಎತ್ತಿದಾಗ ಬ್ರೇಕ್ ಪೈಪುಗಳೆಲ್ಲ ಬಂದು ಸೇರುವ ಅಲ್ಯೂಮಿನಿಯಂ ಬ್ಲಾಕ್ ಕಾಣುತ್ತದೆ, ಅಲ್ವಾ? ಅದಕ್ಕೆ ಅಂಟಿಕೊಂಡೇ ಪಂಪಿನ ಮೋಟಾರ್ ಮತ್ತು ಇಸಿಯು (ಎಲ್ಲ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇರುತ್ತವೆ. ಒಳಗೆ ಪ್ರತಿ ಚಕ್ರಕ್ಕೆ ಎರಡು ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟ್‌ನಿಂದ ತೆರೆದು ಮುಚ್ಚುವ ವಾಲ್ವ್: ಆಯಿಲ್ ಒಳಗೆ ಬಿಡುವ ಇನ್‌ಲೆಟ್, ಹೊರಗೆ ಬಿಡುವ ಔಟ್‌ಲೆಟ್. ಕರೆಂಟ್ ಇಲ್ಲದಾಗ ಇನ್‌ಲೆಟ್ ತೆರೆದಿರುತ್ತದೆ, ಔಟ್‌ಲೆಟ್ ಮುಚ್ಚಿರುತ್ತದೆ. ಯೂನಿಟ್ ಕೆಟ್ಟರೂ ಪೆಡಲ್‌ನಿಂದ ಚಕ್ರಕ್ಕೆ ದಾರಿ ಉಳಿಯಲಿ ಎಂದೇ ಹೀಗೆ. ಎಬಿಎಸ್ ದೀಪವೊಂದೇ ಉರಿಯುತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುವುದು ಇದರಿಂದ. ಇಡೀ ಯೂನಿಟ್‌ನಲ್ಲಿ ನನಗೆ ತುಂಬಾ ಇಷ್ಟವಾದ ಯೋಚನೆ ಇದು.

ಬೇಸಿಗೆಯ ಮೊದಲ ಮಳೆ ಬಿದ್ದ ಹೊಸೂರು ರಸ್ತೆ ನೆನಪಿಸಿಕೊಳ್ಳಿ. ಧೂಳು, ಎಣ್ಣೆ, ನೀರು ಕಲೆತು ರಸ್ತೆ ಜಾರುತ್ತದೆ. ಬ್ರೇಕ್ ಒತ್ತಿದ ತಕ್ಷಣ ಒಂದು ಚಕ್ರದ ವೇಗ ದಿಢೀರ್ ಬೀಳುತ್ತದೆ. ಸೆನ್ಸರ್ ಇದನ್ನು ತಿಳಿಸುತ್ತದೆ. ಇಸಿಯು ಇನ್‌ಲೆಟ್ ಮುಚ್ಚುತ್ತದೆ, ಒತ್ತಡ ಅಲ್ಲಿಗೇ ನಿಲ್ಲುತ್ತದೆ. ಸಾಲದಿದ್ದರೆ ಔಟ್‌ಲೆಟ್ ತೆರೆಯುತ್ತದೆ, ಬ್ರೇಕ್ ಆಯಿಲ್ ಪುಟ್ಟ ಅಕ್ಯುಮುಲೇಟರ್‌ಗೆ (ಆಯಿಲ್ ಸ್ವಲ್ಪ ಹೊತ್ತು ನಿಲ್ಲುವ ಜಾಗ) ಇಳಿಯುತ್ತದೆ. ಪಂಪ್ ಅದನ್ನು, ಪೆಡಲ್ ಒತ್ತಿದಾಗ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರ್ ಕಡೆಗೆ ವಾಪಸ್ ತಳ್ಳುತ್ತದೆ. ಪೆಡಲ್ ನಡುಗುವುದು ಆಗಲೇ. ಹೆದರಿ ಕಾಲು ತೆಗೆಯಬೇಡಿ. ಚಕ್ರದ ಜಾರಿಕೆ (ಗಾಡಿಯ ವೇಗಕ್ಕಿಂತ ಚಕ್ರ ಎಷ್ಟು ನಿಧಾನ ತಿರುಗುತ್ತಿದೆ ಎಂಬ ಲೆಕ್ಕ) ಸುಮಾರು ಶೇ. 10ರಿಂದ 20ರ ಒಳಗಿದ್ದಾಗ ಬ್ರೇಕಿಂಗ್ ಹಿಡಿತ ಜಾಸ್ತಿ, ಸ್ಟೀರಿಂಗ್ ಕೂಡ ಮಾತು ಕೇಳುತ್ತದೆ.

ಇಎಸ್‌ಸಿಗೆ ಇಷ್ಟು ಸಾಲದು. ಡ್ರೈವರ್ ಬ್ರೇಕ್ ಮುಟ್ಟದಿದ್ದರೂ ಬೇಕಾದ ಒಂದೇ ಚಕ್ರಕ್ಕೆ ಒತ್ತಡ ಕೊಡಬೇಕು. ಬ್ರೇಕ್ ಪೈಪುಗಳು ಎರಡೆರಡು ಚಕ್ರಗಳ ಎರಡು ಸರ್ಕ್ಯೂಟ್‌ಗಳಾಗಿ ಇರುತ್ತವೆ. ಅದಕ್ಕೇ ಸರ್ಕ್ಯೂಟ್‌ಗೆ ಎರಡರಂತೆ ಇನ್ನೂ ನಾಲ್ಕು ವಾಲ್ವ್. ಒಂದು, ಒತ್ತಡ ಮಾಸ್ಟರ್ ಸಿಲಿಂಡರ್‌ಗೆ ಹಿಂದಿರುಗದಂತೆ ತಡೆಯುತ್ತದೆ. ಇನ್ನೊಂದು, ಪಂಪ್ ಆಯಿಲ್ ಎಳೆದುಕೊಳ್ಳಲು ದಾರಿ ಬಿಡುತ್ತದೆ. ಅದೇ ಸರ್ಕ್ಯೂಟ್‌ನ ಬೇಡದ ಚಕ್ರದ ಇನ್‌ಲೆಟ್ ಮುಚ್ಚಿಕೊಳ್ಳುತ್ತದೆ.

ಯಾವ ಚಕ್ರ? ಡ್ರೈವರ್ ಎತ್ತ ಹೋಗಬೇಕೆಂದಿದ್ದಾರೆ ಎಂದು ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ಹೇಳುತ್ತದೆ. ಗಾಡಿ ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂದು 'ಯಾ' (yaw) ಸೆನ್ಸರ್ ಹೇಳುತ್ತದೆ. ಎರಡಕ್ಕೂ ತಾಳೆಯಾಗದಿದ್ದಾಗ ಇಎಸ್‌ಸಿ ಕೈ ಹಾಕುತ್ತದೆ. ಎಡ ತಿರುವಿನಲ್ಲಿ ಗಾಡಿಯ ಹಿಂಭಾಗ ಹೊರಗೆ ಜಾರಿದರೆ ಮುಖ್ಯವಾಗಿ ಬಲ ಮುಂದಿನ ಚಕ್ರಕ್ಕೆ ಬ್ರೇಕ್. ತಿರುಗದೆ ಮುಂಭಾಗ ನೇರ ಹೊರಟರೆ ಎಡ ಹಿಂದಿನ ಚಕ್ರಕ್ಕೆ.

ಈ ಹೋಲಿಕೆ ನಿಂತಿರುವುದು ಸ್ಟೀರಿಂಗ್‌ನ ಸೊನ್ನೆಯ ಮೇಲೆ. ಆದ್ದರಿಂದ ವೀಲ್ ಅಲೈನ್‌ಮೆಂಟ್ ಮಾಡಿದ ಮೇಲೆ ಸ್ಟೀರಿಂಗ್ ನೇರ ಇಟ್ಟು, ಸ್ಕ್ಯಾನರ್‌ನಲ್ಲಿ ಆ ಕೋನ ಸೊನ್ನೆ ತೋರಿಸುತ್ತಿದೆಯಾ ನೋಡಿಯೇ ಗಾಡಿ ಕೊಡಿ.