ಹಳೆಯ ಲಾರಾ ಆರ್‌ಎಸ್ ಕೊಳ್ಳಬಹುದೇ? ಎಂಜಿನ್ ಆಯಿಲ್‌ನಿಂದ ಶುರುವಾದ ಟಿಪ್ಪಣಿ

ಕಳೆದ ತಿಂಗಳು ನಮ್ಮ ಭಾವ ಒಂದು ಕಾರು ನೋಡಿ ಬಂದರು. 2011ರ ಸ್ಕೋಡಾ ಲಾರಾ ಆರ್‌ಎಸ್ (ಲಾರಾ ಕಾರಿನ ಸ್ಪೋರ್ಟಿ ಮಾದರಿ), ಬಿಳಿ ಬಣ್ಣ, ಕೆಎ-34 ನೋಂದಣಿ. ಮೀಟರಿನಲ್ಲಿ 96 ಸಾವಿರ ಕಿಲೋಮೀಟರ್, ಮಾಲೀಕರು ಕೇಳಿದ ಬೆಲೆ ನಾಲ್ಕೂಕಾಲು ಲಕ್ಷ. ಭಾವನ ಕೆಲಸ ತೋರಣಗಲ್ಲಿನಲ್ಲಿ. ಬಳ್ಳಾರಿಯಿಂದ ದಿನವೂ ಹೋಗಿಬರಲು ಅರವತ್ತು ಕಿಲೋಮೀಟರಿಗೂ ಹೆಚ್ಚು ಓಡಿಸಬೇಕು. ಅದೇ ಹಣಕ್ಕೆ ಹೊಸದಾದ ಸಣ್ಣ ಕಾರು ಸಿಗುತ್ತದೆ ಎಂದು ಅಕ್ಕ ಹೇಳಿದಳು. ಭಾವನಿಗೆ ಈ ಕಾರೇ ಬೇಕಿತ್ತು. ಡಿಪ್ಲೊಮಾ ಓದುತ್ತ ಸಂಜೆ ಕೌಲ್ ಬಜಾರಿನ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುವ ನನಗೆ ಪರೀಕ್ಷಿಸುವ ಹೊಣೆ ಬಂತು. ಆ ಎರಡು ವಾರಗಳಲ್ಲಿ ಕಲಿತದ್ದನ್ನು ನನ್ನ ಹಾಗೆ ಕಲಿಯುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಕಾರಿನ ಬಗ್ಗೆ. ಇದರಲ್ಲಿ ಇರುವುದು 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್. ಶಕ್ತಿ 160 ಪಿಎಸ್ (ಅಶ್ವಶಕ್ತಿಯ ಅಳತೆ), ಟಾರ್ಕ್ ಅಂದರೆ ತಿರುಗಿಸುವ ಬಲ 250 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗಿನಿಂದಲೇ. ಆರು ಗೇರಿನ ಮ್ಯಾನುವಲ್ ಗೇರ್‌ಬಾಕ್ಸ್. ಹೊರದೇಶಗಳಲ್ಲಿ ಲಾರಾದ ಹೆಸರು ಆಕ್ಟೇವಿಯಾ; ಅಲ್ಲಿ ಇದೇ ಪೀಳಿಗೆಯ ಆಕ್ಟೇವಿಯಾ ಆರ್‌ಎಸ್‌ಗೆ 200 ಪಿಎಸ್‌ನ 2.0 ಲೀಟರ್ ಎಂಜಿನ್ ಇತ್ತು. ನಮ್ಮಲ್ಲಿಗೆ ಅದು ಬರಲಿಲ್ಲ. ಇಲ್ಲಿಯ ಆರ್‌ಎಸ್‌ನಲ್ಲಿದ್ದದ್ದು ಸಾಮಾನ್ಯ ಲಾರಾ ಟಿಎಸ್‌ಐನ (ಟರ್ಬೊ ಪೆಟ್ರೋಲ್ ಲಾರಾದ) ಎಂಜಿನ್ನೇ. ಹೊಸ ಕಾರಾಗಿದ್ದಾಗ ಅದು ಕೊರತೆ. ಹದಿನೈದು ವರ್ಷಗಳ ನಂತರ ಕೊಳ್ಳುವವನಿಗೆ ಅದೇ ಅನುಕೂಲ, ಏಕೆಂದರೆ ಎಂಜಿನ್ನಿನ ಬಿಡಿಭಾಗಗಳು ಲಾರಾ, ಸ್ಕೋಡಾದ್ದೇ ಆದ ಸೂಪರ್ಬ್ ಎರಡರಿಂದಲೂ ದೊರೆಯುತ್ತವೆ. ಕಷ್ಟವಿರುವುದು ಆರ್‌ಎಸ್‌ಗೆ ಮಾತ್ರ ಬರುವ ಬಂಪರ್, ಸೀಟುಗಳಂಥವುಗಳಲ್ಲಿ. ಇನ್ನೊಂದು ಎಚ್ಚರ: ಸಾಮಾನ್ಯ ಲಾರಾಗೆ ಆರ್‌ಎಸ್ ಬ್ಯಾಡ್ಜ್ ಅಂಟಿಸಿ ಮಾರುವುದು ಕಷ್ಟದ ಕೆಲಸವಲ್ಲ. ಆರ್‌ಸಿಯಲ್ಲಿ ಮಾದರಿಯ ಹೆಸರನ್ನು ಓದದೆ ಬೆಲೆಯ ಮಾತು ಎತ್ತಬೇಡಿ.

ಗ್ಯಾರೇಜಿನ ಹಿರಿಯ ಮೇಸ್ತ್ರಿಯನ್ನು ನಾವೆಲ್ಲ ಚಾಚಾ ಎನ್ನುತ್ತೇವೆ. ಗಾಂಧಿನಗರದ ತಮ್ಮ ಮನೆ ಮುಂದೆ ಕಾರಿನ ಮಾಲೀಕರು ಕೀ ಕೊಟ್ಟಾಗ ಭಾವ ನೇರ ಸ್ಟೀರಿಂಗ್ ಹಿಂದೆ ಕೂರಲು ಹೊರಟರು. ಚಾಚಾ ತಡೆದರು. "ಇಂಥ ಕಾರು ಓಡಿಸಿದರೆ ಮರುಳು ಮಾಡುತ್ತದೆ. ಮೊದಲು ನಿಂತಿರುವಾಗ ನೋಡೋಣ" ಎಂದು ಬಾನೆಟ್ ಎತ್ತಿ ಎಂಜಿನ್ ಮೇಲೆ ಅಂಗೈ ಇಟ್ಟರು. ಬಿಸಿ ಇತ್ತು. ನಾವು ಬರುವ ಮೊದಲೇ ಯಾರೋ ಕಾರನ್ನು ಚಾಲೂ ಮಾಡಿ ಇಟ್ಟಿದ್ದರು. ಕೆಟ್ಟ ಉದ್ದೇಶದಿಂದಲೇ ಮಾಡಿದ್ದಾರೆ ಎಂದು ಹೇಳಲಾರೆ. ತೊಳೆದು ಹೊರಗೆ ತಂದು ನಿಲ್ಲಿಸಿರಬಹುದು. ಆದರೆ ಈ ಎಂಜಿನ್ನಿನ ಮುಖ್ಯ ಪರೀಕ್ಷೆ ಅಂದು ನಮ್ಮ ಕೈ ತಪ್ಪಿತು. ಏಕೆ ಎಂಬುದು ತಿಳಿಯಬೇಕಾದರೆ ಎಂಜಿನ್ ಆಯಿಲ್ ಈ ಕಾರಿನಲ್ಲಿ ಏನೇನು ಕೆಲಸ ಮಾಡುತ್ತದೆ ಎಂದು ನೋಡಬೇಕು.

ಎಲ್ಲ ಎಂಜಿನ್‌ಗಳಲ್ಲೂ ಆಯಿಲ್ ಸವೆತ ತಡೆಯುತ್ತದೆ. ಇದರಲ್ಲಿ ಅದರ ಮೇಲೆ ಇನ್ನೂ ಎರಡು ಹೊಣೆಗಳಿವೆ. ಒಂದು, ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೊ. ಹೊಗೆಯ ಒತ್ತಡಕ್ಕೆ ತಿರುಗುವ ಅದರ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಆ ದಂಡವನ್ನು ಹಿಡಿದಿರುವುದು ತೆಳ್ಳನೆಯ ಆಯಿಲ್ ಪದರ. ಎರಡನೆಯದು ಟೈಮಿಂಗ್ ಚೈನ್. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಮತ್ತು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳನ್ನು ಜೋಡಿಸುವ ಈ ಚೈನ್ ಸಡಿಲವಾಗದಂತೆ ಒಂದು ಟೆನ್ಷನರ್ ಒತ್ತಿ ಹಿಡಿಯುತ್ತದೆ, ಮತ್ತು ಅದಕ್ಕೆ ಬಲ ಬರುವುದು ಆಯಿಲ್ ಒತ್ತಡದಿಂದ. ಎಂಜಿನ್ ನಿಂತಾಗ ಒತ್ತಡ ಇಳಿಯುತ್ತದೆ. ಆಗ ಟೆನ್ಷನರ್ ಹಿಂದಕ್ಕೆ ಸರಿಯದಂತೆ ಒಂದು ಹಲ್ಲಿನ ಕೊಕ್ಕೆ ತಡೆಯಬೇಕು. ಈ ಸಾಲಿನ ಎಂಜಿನ್‌ಗಳ ಮೊದಲ ಟೆನ್ಷನರ್‌ಗಳಲ್ಲಿ ಆ ಕೊಕ್ಕೆಯೇ ದುರ್ಬಲ. ನಂತರ ಕಂಪನಿ ಅದನ್ನು ಬದಲಿಸಿ ಬಲವಾದುದನ್ನು ತಂದಿತು. ಹಳೆಯದು ಜಾರಿದರೆ ಚೈನ್ ಹಲ್ಲು ಬಿಟ್ಟು ಹಾರುತ್ತದೆ, ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಆಮೇಲೆ ಉಳಿಯುವುದು ಎಂಜಿನ್ ಬದಲಿಸುವ ಲೆಕ್ಕ ಮಾತ್ರ.

ಆದ್ದರಿಂದಲೇ ತಣ್ಣಗಿನ ಎಂಜಿನ್ ಬೇಕು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ, ಆಯಿಲ್ ಒತ್ತಡ ಏರುವ ಮೊದಲ ಎರಡು ಮೂರು ಸೆಕೆಂಡುಗಳಲ್ಲಿ ಸಡಿಲ ಚೈನ್ ಸದ್ದು ಮಾಡುತ್ತದೆ. ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂಥ ಸದ್ದು. ಬಿಸಿ ಎಂಜಿನ್ನಿನಲ್ಲಿ ಅದು ಕೇಳಿಸದೇ ಹೋಗಬಹುದು. ಮುಂದಿನ ಭಾನುವಾರ ನಾವು ಬರುವವರೆಗೆ ಕಾರನ್ನು ಮುಟ್ಟಬಾರದೆಂದು ಚಾಚಾ ಮಾಲೀಕರನ್ನು ಕೇಳಿಕೊಂಡರು. ಅವರು ಒಪ್ಪಿದ್ದನ್ನು ನಾನು ಒಳ್ಳೆಯ ಗುರುತು ಎಂದೇ ಬರೆದುಕೊಂಡೆ.

ಬೆಳಿಗ್ಗೆ ಆರೂವರೆಗೆ ಹೋದೆವು. ನಾನು ಬಲಗಡೆ ಚಕ್ರದ ಪಕ್ಕ ಕೂತು ಕಿವಿ ಕೊಟ್ಟೆ. ಚೈನ್ ಇರುವುದು ಎಂಜಿನ್ನಿನ ಆ ತುದಿಯಲ್ಲಿ. ಭಾವ ಕೀ ತಿರುಗಿಸಿದರು. ಸದ್ದು ಬಂತು, ಹೆಚ್ಚೆಂದರೆ ಎರಡು ಸೆಕೆಂಡು, ಆಮೇಲೆ ಎಂಜಿನ್ ಮೆತ್ತಗೆ ಓಡತೊಡಗಿತು. ಭಾವನಿಗೆ ಕೇಳಿಸಲೇ ಇಲ್ಲ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಜೋಡಿಸಿ ಕ್ಯಾಮ್‌ಶಾಫ್ಟ್ ಹೊಂದಾಣಿಕೆಯ ಕೋನವನ್ನೂ ನೋಡಿದೆವು. ಅದು ಸೊನ್ನೆಯ ಹತ್ತಿರ ಇದ್ದಷ್ಟೂ ಚೈನ್ ಎಳೆದುಕೊಂಡಿಲ್ಲ ಎಂದರ್ಥ. ಇಲ್ಲಿ ಸೊನ್ನೆಯಿಂದ ಸ್ಪಷ್ಟವಾಗಿ ಸರಿದಿತ್ತು. ಸದ್ದು ಮತ್ತು ಅಂಕಿ ಎರಡೂ ಒಂದೇ ಕಡೆ ಬೆರಳು ತೋರಿಸಿದಾಗ ವಾದಕ್ಕೆ ಜಾಗವಿರುವುದಿಲ್ಲ.

ಇನ್ನು ಆಯಿಲ್ ಖರ್ಚು. ಈ ಎಂಜಿನ್ನಿನ ಪಿಸ್ಟನ್ ಸುತ್ತಲಿನ ರಿಂಗುಗಳು ಪೆಟ್ರೋಲ್ ಉರಿಯುವ ಜಾಗಕ್ಕೆ ಆಯಿಲ್ ಬಿಡುವ ದೂರು ಹಳೆಯದು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿನವರೆಗೆ ಸಹಜ ಎಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಮಟ್ಟ ಸರಿಯಾಗಿತ್ತು, ಆದರೆ ನೋಡಲು ಬರುವವರಿದ್ದಾರೆಂದು ತಿಳಿದರೆ ಯಾರಾದರೂ ತುಂಬಿಸಿಡುತ್ತಾರೆ. ನನಗೆ ನಿಜ ತಿಳಿದದ್ದು ಡಿಕ್ಕಿಯಲ್ಲಿ. ಸ್ಟೆಪ್ನಿಯ ಪಕ್ಕ, ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಲೀಟರಿನ ಆಯಿಲ್ ಡಬ್ಬಿ, ಅರ್ಧ ಖಾಲಿ. ಡಬ್ಬಿಯ ಮೇಲೆ ವಿಡಬ್ಲ್ಯೂ 502.00 ಎಂಬ ದರ್ಜೆ (ವಿಡಬ್ಲ್ಯೂ ಎಂದರೆ ಸ್ಕೋಡಾದ ಒಡೆಯ ಕಂಪನಿ ಫೋಕ್ಸ್‌ವ್ಯಾಗನ್) ಅಚ್ಚಾಗಿತ್ತು, ಈ ಎಂಜಿನ್‌ಗೆ ಬೇಕಾದದ್ದು ಅದೇ. ಮಾಲೀಕರನ್ನು ಕೇಳಿದೆ, ಮುಚ್ಚುಮರೆ ಮಾಡದೆ ಬಿಲ್ಲುಗಳ ಫೈಲ್ ತಂದುಕೊಟ್ಟರು. ಕೊನೆಯ ಬದಲಾವಣೆಯ ನಂತರ 11 ಸಾವಿರ ಕಿಲೋಮೀಟರಿನಲ್ಲಿ ಮೂರು ಲೀಟರ್ ಮೇಲಿಂದ ಸುರಿದಿದ್ದರು. ಭಾಗಿಸಿದರೆ ಸಾವಿರಕ್ಕೆ ಸುಮಾರು 0.27 ಲೀಟರ್. ಮಿತಿಯೊಳಗೆ ಇದೆ, ಆದರೆ ರಿಂಗುಗಳು ಹೊಸದರಂತಿಲ್ಲ. ಅದೇ ಫೈಲಿನಲ್ಲಿ 2016–17ರ ನಡುವೆ ಎರಡು ಆಯಿಲ್ ಬದಲಾವಣೆಗಳ ಅಂತರ 19 ಸಾವಿರ ಕಿಲೋಮೀಟರ್ ಎಂದೂ ಕಂಡಿತು. ಕಂಪನಿ ಹೇಳುವುದು 15 ಸಾವಿರ ಅಥವಾ ಒಂದು ವರ್ಷ. ನಮ್ಮ ಬಿಸಿಲು, ದೂಳಿಗೆ ಚಾಚಾ ಎಂಟು ಸಾವಿರ ದಾಟಲು ಬಿಡುವುದಿಲ್ಲ.

ದೂಳಿನ ಮಾತು ಬಂದದ್ದರಿಂದ, ಬಳ್ಳಾರಿ ಕಡೆಯ ಕಾರು ನೋಡುವವರು ಇದನ್ನು ಕಲಿಯಲೇಬೇಕು. ಕುಡಿತಿನಿ, ತೋರಣಗಲ್ಲು, ಸಂಡೂರು ರಸ್ತೆಗಳಲ್ಲಿ ಓಡಿದ ಬಿಳಿ ಕಾರಿನ ಬಾನೆಟ್ ಮೇಲೆ ಸಾಸಿವೆಗಿಂತ ಚಿಕ್ಕ ಕಂದು ಚುಕ್ಕೆಗಳಿರುತ್ತವೆ. ತಗಡು ತುಕ್ಕು ಹಿಡಿದಿದೆ ಎಂದು ಹೆದರುವವರಿದ್ದಾರೆ. ಅದು ಬಣ್ಣದ ಮೇಲಿನ ಪದರಕ್ಕೆ ಅಂಟಿದ ಕಬ್ಬಿಣದ ಕಣಗಳ ತುಕ್ಕು. ತೊಳೆದು ಒಣಗಿಸಿದ ಬಾನೆಟ್ ಮೇಲೆ, ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಸವರಿ ನೋಡಿ. ಬರಿಗೈಗೆ ನುಣುಪಾಗಿದ್ದದ್ದು ಕವರಿನ ಮೂಲಕ ರವೆ ಹರಡಿದಂತೆ ತಾಗುತ್ತದೆ. ಕಾರಿನ ಬಣ್ಣ ಶುಚಿ ಮಾಡುವ ಕ್ಲೇಯಿಂದ ಉಜ್ಜಿದರೆ ಹೋಗುತ್ತದೆ, ಬೆಲೆ ಇಳಿಸುವಂಥ ದೋಷವಲ್ಲ. ಗಂಭೀರವಾಗಿ ನೋಡಬೇಕಾದ ಜಾಗ ಏರ್ ಫಿಲ್ಟರ್ ಡಬ್ಬಿ. ಫಿಲ್ಟರಿನ ಹೊರಮೈ ಕೆಂಪಾಗಿರುವುದು ಸಹಜ. ಅದನ್ನು ದಾಟಿದ ಮೇಲೆ ಟರ್ಬೊ ಕಡೆಗೆ ಹೋಗುವ ಕೊಳವೆಯ ಒಳಗೋಡೆಗೆ ಬಿಳಿ ಬಟ್ಟೆ ಒರೆಸಿ ತೆಗೆಯಿರಿ. ಬಟ್ಟೆ ಕೆಂಪಾದರೆ ಅದಿರಿನ ದೂಳು ಟರ್ಬೊ ರೆಕ್ಕೆಗಳನ್ನೂ ರಿಂಗುಗಳನ್ನೂ ಉಜ್ಜಿದೆ ಎಂದು ತಿಳಿಯಿರಿ, ಆ ಕಾರು ಬಿಟ್ಟುಬಿಡಿ. ನಮ್ಮ ಬಟ್ಟೆಗೆ ಹತ್ತಿದ್ದು ಸ್ವಲ್ಪ ಆಯಿಲ್ ಜಿಡ್ಡು ಮಾತ್ರ. ಆ ಕ್ಷಣದಲ್ಲಿ ನನಗೆ ಈ ಕಾರಿನ ಮೇಲೆ ಭರವಸೆ ಬಂತು.

ಎಂಜಿನ್ ತಂಪಾಗಿಡುವ ಕೂಲೆಂಟ್ ದ್ರವದ ಸೋರಿಕೆ ಇನ್ನೊಂದು ಗೊತ್ತಿರುವ ರೋಗ. ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಕೂತಿರುವ ಪ್ಲಾಸ್ಟಿಕ್ ಭಾಗ ವರ್ಷಗಳು ಕಳೆದಂತೆ ಬಿರುಕು ಬಿಡುತ್ತದೆ. ಗಾಳಿ ಒಳಬರುವ ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ ಟಾರ್ಚ್ ಬಿಟ್ಟಾಗ ಗುಲಾಬಿ ಬಣ್ಣದ ಒಣ ಉಪ್ಪಿನಂಥ ಪದರ ಕಂಡಿತು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಇದನ್ನು ನಾಳೆಗೆ ಇಡುವಂತಿಲ್ಲ. ಏಸಿಯನ್ನೂ ಮಧ್ಯಾಹ್ನವೇ ಪರೀಕ್ಷಿಸಿ. ಬೆಳಿಗ್ಗೆ ಎಲ್ಲ ಏಸಿಗಳೂ ತಂಪು ಕೊಡುತ್ತವೆ. ಪೆಟ್ರೋಲ್ ನೇರ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್ ಆದ್ದರಿಂದ ಪೆಟ್ರೋಲ್ ಇಂಟೇಕ್ ವಾಲ್ವ್‌ಗಳನ್ನು ತೊಳೆಯುವುದಿಲ್ಲ, ಅವುಗಳ ಮೇಲೆ ಮಸಿ ಕಟ್ಟುತ್ತದೆ. ತಣ್ಣಗಿದ್ದಾಗ ಎಂಜಿನ್ ನಡುಗಿದರೆ ಮೊದಲು ಅದನ್ನೂ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗಳನ್ನೂ ಅನುಮಾನಿಸಬೇಕು. ಪೆಟ್ರೋಲ್ ಕೊಳವೆಗಳನ್ನು ಮೂಗಿನಿಂದ ಪರೀಕ್ಷಿಸಿ. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. 2011ರ ಕಾರಿನ ರಬ್ಬರ್ ಭಾಗಗಳನ್ನು ಅದಕ್ಕಾಗಿ ಮಾಡಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಓಡಿಸಿದೆವು, ಹೊಸಪೇಟೆ ಹೆದ್ದಾರಿಯಲ್ಲಿ. ಚಾಚಾ ಹೇಳಿಕೊಟ್ಟ ಕ್ಲಚ್ ಪರೀಕ್ಷೆ ಸರಳ: ನಾಲ್ಕನೇ ಗೇರಿನಲ್ಲಿ 1800 ಸುತ್ತಿಗೆ ಇಳಿಸಿ ಒಮ್ಮೆಗೇ ಪೂರ್ತಿ ಆಕ್ಸಿಲರೇಟರ್ ಒತ್ತಬೇಕು. ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಯಾರಾದರೂ ರೀಮ್ಯಾಪ್ ಮಾಡಿಸಿ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ) ಟಾರ್ಕ್ ಹೆಚ್ಚಿಸಿದ ಕಾರಿನಲ್ಲಿ ಕ್ಲಚ್ ಬೇಗ ಸೋಲುತ್ತದೆ, ಆದ್ದರಿಂದ ಆ ಪ್ರಶ್ನೆಯನ್ನು ನೇರವಾಗಿಯೇ ಕೇಳಿ. ಈ ಕಾರಿನ ಕ್ಲಚ್ ಗಟ್ಟಿಯಾಗಿತ್ತು. ಮುಂಭಾಗದಿಂದ ಹಂಪ್‌ಗಳಲ್ಲಿ ಟಕ್ ಎಂಬ ಸದ್ದು ಬಂತು, ಚಕ್ರವನ್ನು ಹಿಡಿದಿರುವ ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಶ್‌ಗಳದು. ಟೈರಿನ ಬದಿಯಲ್ಲಿ 1418 ಎಂದಿತ್ತು: 2018ರ 14ನೇ ವಾರದ ತಯಾರಿಕೆ. ಟೈರಿನ ಗೀರುಗಳು ಎಷ್ಟೇ ಆಳವಿದ್ದರೂ ಇಂಥ ವೇಗದ ಕಾರಿಗೆ ಆ ವಯಸ್ಸಿನ ರಬ್ಬರ್ ಬೇಡ.

ಕಾಗದಪತ್ರಗಳಲ್ಲಿ ದೊಡ್ಡ ವಿಷಯ ಒಂದೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಈ ಕಾರಿಗೆ ಅದು 2026ರ ಅಕ್ಟೋಬರ್. ಮುಗಿಯುವ ಮೊದಲಿನ 60 ದಿನಗಳಲ್ಲಿ ನಮೂನೆ 25 ಕೊಟ್ಟು, ಆರ್‌ಟಿಒ ಪರಿಶೀಲನೆಗೆ ಕಾರು ಒಯ್ದು, ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ವಯಸ್ಸಿನ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲ ತೀರಿದ್ದರೆ ನಮೂನೆ 35. ಗುಂತಕಲ್ಲು, ಅನಂತಪುರ, ಹೈದರಾಬಾದ್ ಕಡೆಯ ಕಾರು ಅಗ್ಗವಾಗಿ ಕಂಡರೆ, ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟುವ ಹಣವನ್ನೂ ಕೂಡಿಸಿ ನೋಡಿ. ವಿಮೆಯಲ್ಲಿ ನೋ ಕ್ಲೈಮ್ ಬೋನಸ್ ಹಳೆಯ ಮಾಲೀಕನಿಗೆ ಸೇರಿದ್ದು, ಕಾರಿನ ಜೊತೆ ಬರುವುದಿಲ್ಲ.

ಈಗ ಲೆಕ್ಕ. ನಮಗೆ ಸಿಕ್ಕ ಅಂದಾಜುಗಳು ಹೀಗಿದ್ದವು: ಚೈನ್, ಟೆನ್ಷನರ್, ಗೈಡುಗಳು ಕೂಲಿ ಸೇರಿ 60 ಸಾವಿರ, ವಾಟರ್ ಪಂಪ್ 18, ಟೈರುಗಳು 32, ಬುಶ್ ಮತ್ತು ಮೌಂಟುಗಳು 22, ನವೀಕರಣಕ್ಕೆ 5. ಒಟ್ಟು 1 ಲಕ್ಷ 37 ಸಾವಿರ. ಈ ಕೆಲಸಗಳೆಲ್ಲ ಮುಗಿದ ಇಂಥ ಕಾರಿಗೆ ಭಾವ ಮನಸ್ಸಾರೆ ಕೊಡಲು ಸಿದ್ಧರಿದ್ದದ್ದು ನಾಲ್ಕು ಮುಕ್ಕಾಲು ಲಕ್ಷ. ಕಳೆದರೆ 3 ಲಕ್ಷ 38 ಸಾವಿರ. ಕೇಳಿದ ಬೆಲೆಯಿಂದ ಕೆಳಗೆ ಚೌಕಾಸಿ ಮಾಡುತ್ತ ಹೋಗುವುದಕ್ಕಿಂತ ಈ ದಾರಿ ನನಗೆ ಹಿಡಿಸಿತು, ಏಕೆಂದರೆ ಪ್ರತಿ ಕಡಿತಕ್ಕೂ ನಾವು ಮುಟ್ಟಿ ತೋರಿಸಬಲ್ಲ ಕಾರಣವಿತ್ತು. ಇದರ ಹೊರತಾಗಿ 50 ಸಾವಿರ ರೂಪಾಯಿಯನ್ನು ಮೊದಲ ವರ್ಷಕ್ಕೆಂದು ಬೇರೆ ಎತ್ತಿಡಬೇಕೆಂದು ಚಾಚಾ ಹಟ ಹಿಡಿದರು. ಆ ಹಣ ಇಲ್ಲದವರು ಇಂಥ ಕಾರಿನ ಆಸೆಗೆ ಬೀಳಬಾರದು ಎಂಬುದು ಈಗ ನನ್ನ ಅಭಿಪ್ರಾಯವೂ ಹೌದು. ಅಕ್ಕ ಆ ಒಂದು ಮಾತಿಗೆ ಒಪ್ಪಿದಳು.

ಮಾಲೀಕರು ಎರಡು ದಿನ ಯೋಚಿಸಿ 3 ಲಕ್ಷ 40 ಸಾವಿರಕ್ಕೆ ಕೊಟ್ಟರು. ಕಾರು ಭಾವನ ಮನೆಗೆ ಹೋಗದೆ ನೇರ ಗ್ಯಾರೇಜಿಗೆ ಬಂತು. ಹೊಸ ಚೈನ್ ಕೂಡಿಸುವ ಮೊದಲು ಚಾಚಾ ಹಳೆಯದನ್ನೂ ಹೊಸದನ್ನೂ ನನ್ನ ಕೈಗೆ ಕೊಟ್ಟು, ಅಡ್ಡಲಾಗಿ, ಕೊಂಡಿಗಳ ಪಕ್ಕೆ ಕೆಳಗೆ ಬರುವಂತೆ ಒಂದು ತುದಿಯಿಂದ ಹಿಡಿಯಲು ಹೇಳಿದರು. ಹೊಸದು ಅಡಿಕೋಲಿನಂತೆ ಬಹುಪಾಲು ನೇರ ನಿಂತಿತು. ಹಳೆಯದು ಬಿಲ್ಲಿನಂತೆ ಬಾಗಿ ತುದಿ ನೆಲದ ಕಡೆಗೆ ಜೋತುಬಿತ್ತು. ಟೆನ್ಷನರ್ ತೆಗೆದಾಗ ಹಳೆಯ ಮಾದರಿಯದೇ ಇತ್ತು, ಕೊಕ್ಕೆಯ ಹಲ್ಲಿನ ಅಂಚು ಉಗುರಿಗೆ ತಾಗದಷ್ಟು ಸವೆದಿತ್ತು. ಭಾವ ಅದನ್ನು ಒಂದು ಚೂರು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದರು, ಅಕ್ಕನಿಗೆ ತೋರಿಸಲು.