ಪೋಸ್ಟರ್ ಹಾಕಿದರೆ ಮುಹೂರ್ತ ಸಿಗುವುದಿಲ್ಲ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತೆಂದರೆ ಊರು ಬಿಟ್ಟು ದೂರ ಇರುವವರು ಮೊಬೈಲಿನಲ್ಲಿ ಹುಡುಕತೊಡಗುತ್ತಾರೆ: ನೆರೆ (ಎಲೆಗಳ ಕಟ್ಟು) ಕಟ್ಟುವುದು ಎಷ್ಟು ಗಂಟೆಗೆ, ಕದಿರು (ಹೊಸ ಭತ್ತದ ತೆನೆ) ತೆಗೆಯುವುದು ಎಷ್ಟು ಗಂಟೆಗೆ? ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿಯಾದ ಮುಹೂರ್ತವನ್ನು ಎಷ್ಟೋ ಸಂಘಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಹುಡುಕಿದವರ ಕಣ್ಣಿಗೆ ಬೀಳುವುದು ಮಾತ್ರ ಹೋಂಸ್ಟೇ ಬುಕಿಂಗ್ ಪುಟಗಳು. ಆಗ ಪದಾಧಿಕಾರಿಗಳು ಕೇಳುವುದು ಒಂದೇ ಪ್ರಶ್ನೆ: ‘ಗೂಗಲ್‌ಗೆ ಎಷ್ಟು ಕಟ್ಟಬೇಕು?’

ಏನೂ ಕಟ್ಟಬೇಡಿ. ದುಡ್ಡು ಕೊಟ್ಟರೆ ಜಾಹೀರಾತಿನ ಜಾಗ ಸಿಗುತ್ತದೆ, ಅದರ ಕೆಳಗಿನ ಸಹಜ ಫಲಿತಾಂಶದಲ್ಲಿ ನಿಮ್ಮ ಪುಟ ಒಂದಿಂಚೂ ಮೇಲೇರುವುದಿಲ್ಲ. ನಿಮ್ಮ ಪುಟದಲ್ಲಿ ಗೂಗಲ್ ಓದಬಲ್ಲ ಅಕ್ಷರವೇ ಇಲ್ಲದಿರುವುದು ನಿಜವಾದ ತೊಂದರೆ.

ಪುಟ ತೆರೆದು ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪದ ಆಯ್ಕೆಯಾಗದಿದ್ದರೆ ಅದು ಪೋಸ್ಟರ್, ಅಂದರೆ ಚಿತ್ರ. ಆಯ್ಕೆಯಾದರೆ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ತಲೆಗೆ ಗೀಟಿರುವ ಎ, ಪೌಂಡ್ ಚಿಹ್ನೆ ಹೀಗೆ ಚೆಲ್ಲಾಪಿಲ್ಲಿಯಾಗಿ ಬಂದರೆ ಅದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟು. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತದೆ, ಅಷ್ಟೇ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಮಾತ್ರ ‘ಕ’ ಎಲ್ಲಿ ಹೋದರೂ ‘ಕ’ ಆಗಿಯೇ ಇರುತ್ತದೆ. ಪಿಡಿಎಫ್ ಮಾಡಿ ಹಾಕಿದರೆ ಸರಿಹೋಗುತ್ತದೆಂದು ತಿಳಿಯಬೇಡಿ. ಹಳೆಯ ಫಾಂಟಿನಿಂದ ಮಾಡಿದ ಪಿಡಿಎಫ್‌ನೊಳಗೂ ಅದೇ ಕಸ ಇರುತ್ತದೆ.

ಹಳೆಯ ಬರಹವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ತಿರುಗಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಮೊದಲನೆಯದು ಅರ್ಕಾವತ್ತು: ನುಡಿಯಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು, ಹಾಗಾಗಿ ‘ಸೂರ್ಯ’, ‘ಕಾರ್ಯದರ್ಶಿ’ಯಂಥ ಪದಗಳು ಕೆಡಬಹುದು. ಎರಡನೆಯದು, ನಡುವೆ ಇದ್ದ ಇಂಗ್ಲಿಷ್ ಪದಗಳು: ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಇಮೇಲ್ ವಿಳಾಸವನ್ನಂತೂ ಹೊಸದಾಗಿ ಟೈಪ್ ಮಾಡುವುದೇ ವಾಸಿ.

ಹಳೆಯ ಸ್ಮರಣ ಸಂಚಿಕೆಗಳಿದ್ದರೆ 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಇಟ್ಟು, ಪುಟ ಓರೆಯಾಗದಂತೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಕನ್ನಡ ಅಕ್ಷರ ಹೊರಬರುತ್ತದೆ. ಎರಡು ಕಾಲಂ ಇರುವ ಪುಟದಲ್ಲಿ ಸಾಲುಗಳು ಬೆರೆತುಹೋಗಬಹುದು, ಅಂಥದ್ದನ್ನು ಕಾಲಂ ಕಾಲಂ ಆಗಿ ಕತ್ತರಿಸಿ ಕೊಡಿ. ಮನೆತನದ ಹೆಸರುಗಳನ್ನು ಐನ್‌ಮನೆಯ (ಮನೆತನದ ಮೂಲಮನೆಯ) ಹಿರಿಯರೊಬ್ಬರ ಕೈಲಿ ಓದಿಸದೆ ಪ್ರಕಟಿಸಬೇಡಿ.

ಇನ್ನು ಹೆಸರಿನ ವಿಷಯ. ಕೊಡವ ತಕ್ಕ್ (ಕೊಡವ ಭಾಷೆ) ಆಡುವವರು ‘ಪುತ್ತರಿ’ ಎಂದು ಹುಡುಕುತ್ತಾರೆ, ಕನ್ನಡದವರು ‘ಹುತ್ತರಿ’. ಒಬ್ಬರಿಗೆ ‘ಕೊಡಗು’, ಇನ್ನೊಬ್ಬರಿಗೆ ‘ಕೂರ್ಗ್’. ಮೊದಲ ಪ್ಯಾರಾದಲ್ಲೇ ಎರಡೂ ರೂಪ ಸಹಜವಾಗಿ ಬರಲಿ, ಹತ್ತು ಸಲ ತುರುಕಬೇಡಿ. ಪುಟದ ಶೀರ್ಷಿಕೆ ‘ಮುಖಪುಟ’ ಎಂದಿದ್ದರೆ ಯಾರಿಗೂ ಪ್ರಯೋಜನವಿಲ್ಲ. ‘ಪುತ್ತರಿ ಮುಹೂರ್ತ’ ಎಂದಿರಲಿ. ವರ್ಷ ವರ್ಷ ಹೊಸ ಪುಟ ಮಾಡಿ ಹಳೆಯದನ್ನು ಅಳಿಸಬೇಡಿ. ಅದೇ ವಿಳಾಸದಲ್ಲಿ ಈ ವರ್ಷದ್ದನ್ನು ಮೇಲೆ ಬರೆದು ಹಿಂದಿನದನ್ನು ಕೆಳಗೆ ಬಿಡಿ. ಬೇರೆಯವರು ಕೊಟ್ಟ ಕೊಂಡಿಗಳೆಲ್ಲ ಆಗ ಒಂದೇ ಕಡೆ ಸೇರುತ್ತವೆ.

ಇಷ್ಟಾದ ಮೇಲೆ ವೆಬ್‌ಸೈಟ್ ಮಾಲೀಕರಿಗೆಂದೇ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ವೆಬ್‌ಸೈಟ್ ನೋಂದಾಯಿಸಿ, ಪುಟದ ವಿಳಾಸ ಕೊಟ್ಟು ಗೂಗಲ್‌ನ ಹುಡುಕಾಟದ ಸೂಚಿಗೆ ಸೇರಿಸಲು ಕೇಳಿ. ಅದೂ ಉಚಿತ. ಕೆಲವು ದಿನ, ಕೆಲವೊಮ್ಮೆ ವಾರಗಳು ಹಿಡಿಯಬಹುದು, ಮೊದಲ ಸ್ಥಾನದ ಭರವಸೆ ಯಾರೂ ಕೊಡಲಾರರು. ವೆಬ್‌ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಾಗಿದ್ದರೆ ‘ರೀಡಿಂಗ್’ ಸೆಟ್ಟಿಂಗ್‌ನಲ್ಲಿ ಹುಡುಕುಯಂತ್ರಗಳನ್ನು ದೂರವಿಡುವ ಟಿಕ್ ಉಳಿದುಬಿಟ್ಟಿದೆಯೇ ನೋಡಿ. ವೆಬ್‌ಸೈಟ್ ಕಟ್ಟುವಾಗ ಹಾಕಿ ಮರೆತಿರುತ್ತಾರೆ.

ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ಯಾರ ಇಮೇಲ್‌ನಲ್ಲಿದೆ ಎಂದು ಇವತ್ತೇ ವಿಚಾರಿಸಿ. ಕಟ್ಟಿಕೊಟ್ಟ ಹುಡುಗ ಬೆಂಗಳೂರು ಸೇರಿರುತ್ತಾನೆ, ನವೀಕರಣದ ನೋಟಿಸು ಅವನ ಹಳೆಯ ಇಮೇಲ್‌ಗೆ ಹೋಗುತ್ತಿರುತ್ತದೆ. ಸಂಘದ ಇಮೇಲ್‌ಗೆ ಬದಲಾಯಿಸಿ, ಇಬ್ಬರು ಪದಾಧಿಕಾರಿಗಳ ಬಳಿ ಪಾಸ್‌ವರ್ಡ್ ಇರಲಿ. ಒಟ್ಟಿಗೆ 10 ವರ್ಷದವರೆಗೆ ಹಣ ಕಟ್ಟಬಹುದು. ಗೂಗಲ್‌ಗೆಂದು ಎತ್ತಿಟ್ಟ ದುಡ್ಡನ್ನು ಇದಕ್ಕೆ ಹಾಕಿ.